ಕಾಲಭೈರವ ಮನೆಗೆ ಬಂದದ್ದು

ಬೀಗಿತ್ತಿ ಸರ್ವಮಂಗಳಮ್ಮನವರು ಬಾತ್‌ರೂಮಿನ ಬಾಗಿಲು ತೆಗೆದು, ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಾಗ ಸಿದ್ದಲಿಂಗಯ್ಯನವರು ಎದುರಿಗೇ ನಿಂತಿದ್ದರು. ಕೈಗಡಿಯಾರ ನೋಡಿಕೊಂಡು, "ಒಂಬತ್ತು ನಿಮಿಷ" ಅಂದರು.

ಸಿಟ್ಟಿನಲ್ಲಿ ಅಂದದ್ದಲ್ಲ. ರೇಡಿಯೋದಲ್ಲಿ ಪೇಟೆ ಧಾರಣೆ ಓದುವವರ ದನಿಯಲ್ಲಿ ಅಂದದ್ದು. ಆದರೆ ಹಾಲಿನಲ್ಲಿ ಊಟಕ್ಕೆ ಕೂತಿದ್ದ ಎಲ್ಲರಿಗೂ ಕೇಳಿಸಿತು. ಮಗಳು ಮೇಘಶ್ರೀ ತಲೆ ತಗ್ಗಿಸಿದಳು. ಅಳಿಯ ಚಿದಾನಂದ್ ಕೆಮ್ಮಿದ. ಒಬ್ಬಟ್ಟಿಗೆ ತುಪ್ಪ ಹಾಕುತ್ತಿದ್ದ ಹೆಂಡತಿ ಕಮಲಾದೇವಿಯ ಚಮಚ ಗಾಳಿಯಲ್ಲೇ ನಿಂತುಬಿಟ್ಟಿತು.

ಸರ್ವಮಂಗಳಮ್ಮ ಅರಸೀಕೆರೆ ಕಡೆಯ ಗಟ್ಟಿಗಿತ್ತಿ. ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು. ಅಂಥವರೇ ತಬ್ಬಿಬ್ಬಾಗಿ, "ಮಂಡಿ ನೋವು ಬೀಗರೇ, ಎದ್ದೇಳೋದು ಸ್ವಲ್ಪ ತಡ ಆಗುತ್ತೆ" ಎಂದು ಸಮಜಾಯಿಷಿ ಕೊಟ್ಟರು. ಕೊಟ್ಟಾದ ಮೇಲೆ, ಅರವತ್ತಮೂರನೇ ವಯಸ್ಸಿನಲ್ಲಿ ಇಂಥದ್ದಕ್ಕೆ ಯಾಕೆ ಸಮಜಾಯಿಷಿ ಕೊಟ್ಟೆ ಅನ್ನೋದು ಅವರಿಗೇ ತಿಳಿಯಲಿಲ್ಲ. ಸಿದ್ದಲಿಂಗಯ್ಯನವರು "ಇರ್ಲಿ ಬಿಡಿ" ಎಂದು ಮಾಫಿ ಮಾಡಿ ಎಲೆಯ ಮುಂದೆ ಕೂತರು.

ವಾಪಸ್ ಹೋಗುವಾಗ ಕಾರಿನಲ್ಲಿ ಚಿದಾನಂದ್ ತಡೆದುಕೊಳ್ಳಲಾರದೆ, "ಹೆಣ್ಣು ಕೊಟ್ಟ ಮಾವ ಅಂದ್ಕೊಂಡಿದ್ದೆ. ನೋಡಿದ್ರೆ ಟೋಲ್ ಗೇಟು" ಅಂದ. ಅವನ ತಾಯಿ ನಗಲಿಲ್ಲ. ಸುಬ್ರಹ್ಮಣ್ಯಪುರದಿಂದ ಜೆ.ಪಿ. ನಗರಕ್ಕೆ ಆರೇಳು ಕಿಲೋಮೀಟರು. ಭಾನುವಾರವಾದರೂ ಐವತ್ತು ನಿಮಿಷ ಹಿಡಿಯಿತು. ಬೆಂಗಳೂರಿನಲ್ಲಿ ರಸ್ತೆಗೆ ಮಾತ್ರ ಯಾರೂ ಎಷ್ಟು ಹೊತ್ತು ತಗೊಂಡೆ ಎಂದು ಕೇಳುವುದಿಲ್ಲ.

"ಅಪ್ಪಾಜಿ ರಿಟೈರ್ ಆಗಿ ಹದಿನೈದು ದಿನ ಆಗಿದೆ ಅಷ್ಟೇ. ಅಭ್ಯಾಸ ಅತ್ತೆ, ಬೇಕೂಂತ ಅಂದಿದ್ದಲ್ಲ" ಎಂದಳು ಮೇಘಶ್ರೀ.

"ಅಭ್ಯಾಸ ಯಾರದ್ದೋ, ಅವಸ್ಥೆ ಯಾರದ್ದೋ" ಅಂದರು ಅತ್ತೆ, ಕಿಟಕಿಯ ಆಚೆ ನೋಡುತ್ತ. ಮತ್ತೆ ಆ ಮನೆಗೆ ಅವರು ಹೋಗಲಿಲ್ಲ.

ಅಭ್ಯಾಸ ಅನ್ನೋದು ಸುಳ್ಳಲ್ಲ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸಿದ್ದಲಿಂಗಯ್ಯನವರು ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ: ಹೊಲಿಯುವ ಹೆಂಗಸರ ಬೆನ್ನ ಹಿಂದೆ ನಿಂತು ಸ್ಟಾಪ್‌ವಾಚ್ ಒತ್ತುವುದು. ಕಾಲರ್ ಕೂರಿಸೋದಕ್ಕೆ ನಲವತ್ತೊಂದು ಸೆಕೆಂಡು, ಜೇಬಿಗೆ ಇಪ್ಪತ್ತೆಂಟು, ಒಂದು ಗುಂಡಿಗೆ ಆರು. ಅವರು ಬರೆದಿಟ್ಟದ್ದೇ ಟಾರ್ಗೆಟ್. ಟಾಯ್ಲೆಟ್‌ಗೆ ಹೋಗುವವರು ಮೊಳೆಗೆ ನೇತುಹಾಕಿದ ಟೋಕನ್ ತಗೊಂಡು ಹೋಗಬೇಕು. ಟೋಕನ್ ಐದು ನಿಮಿಷದಲ್ಲಿ ಮೊಳೆಗೆ ಬರದಿದ್ದರೆ ಬಾಗಿಲಲ್ಲಿ ನಿಂತು ವಿಚಾರಿಸುವವರೂ ಅವರೇ. ಹೆಂಗಸರು ಎದುರಿಗೆ 'ಟೈಮ್ ಸಾರ್' ಅನ್ನುತ್ತಿದ್ದರು, ಹಿಂದೆ 'ಕಾಲಭೈರವ'. ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದ ಸಿದ್ದಲಿಂಗಯ್ಯನವರಿಗೆ ಅದು ತಿಳಿದಾಗ ಬೇಜಾರಾಗಲಿಲ್ಲ. ಬಿರುದು ಅಂದುಕೊಂಡರು.

ಫ್ಯಾಕ್ಟರಿಯ ಗೇಟಿನ ಒಳಗೆ ಸೆಕೆಂಡು ಸೆಕೆಂಡಿಗೂ ಲಗಾಮು ಹಾಕಿದ ಈ ಮನುಷ್ಯ ಗೇಟಿನ ಹೊರಗೆ ದಿನಕ್ಕೆ ನಾಲ್ಕು ಗಂಟೆ ರಸ್ತೆಯಲ್ಲಿ ಸುರಿಯುತ್ತಿದ್ದರು. ಬೆಳಿಗ್ಗೆ ಆರೂಮುಕ್ಕಾಲಿಗೆ ಮನೆ ಬಿಟ್ಟು ಬನಶಂಕರಿಗೆ ಒಂದು ಬಸ್ಸು, ಅಲ್ಲಿಂದ ಸಿಲ್ಕ್ ಬೋರ್ಡಿಗೆ ಇನ್ನೊಂದು, ಅಲ್ಲಿಂದ ಬೊಮ್ಮನಹಳ್ಳಿಗೆ ಮತ್ತೊಂದು. ವಾಪಸ್ ಬರುವಾಗ ರಾತ್ರಿ ಎಂಟು. ಮೂವತ್ತೊಂದು ವರ್ಷದಲ್ಲಿ ಅವರು ಕಾಲರಿನಿಂದ, ಜೇಬಿನಿಂದ, ಗುಂಡಿಯಿಂದ ಹೆಕ್ಕಿ ಉಳಿಸಿದ ಸೆಕೆಂಡುಗಳನ್ನೆಲ್ಲ ಸಿಲ್ಕ್ ಬೋರ್ಡಿನ ಸಿಗ್ನಲ್ಲು ಒಂದೇ ಗುಟುಕಿಗೆ ಕುಡಿದಿರಬೇಕು. ಬೊಮ್ಮನಹಳ್ಳಿಗೆ ಮೆಟ್ರೋ ಬಂತು. ಬಂದದ್ದು ಅವರು ರಿಟೈರಾದ ಮೂರನೇ ತಿಂಗಳಿಗೆ.

ಹೀಗಾಗಿ ಮನೆ ಅಂದರೆ ಅವರಿಗೆ ಭಾನುವಾರ ಮಾತ್ರ. ಎದ್ದು ಪೂಜೆ, ತಿಂಡಿ, ಪೇಪರು ಅನ್ನುವಷ್ಟರಲ್ಲಿ ಊಟ. ಊಟ ಮಾಡಿ ಮಗ್ಗುಲಾಗಿ ಕಣ್ಣು ಬಿಟ್ಟರೆ ಸಂಜೆ. ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಕೂತು, "ಮನೇಲಿದ್ರೆ ಟೈಮ್ ಹೋಗೋದೇ ಗೊತ್ತಾಗಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಚಿಕ್ಕವಳಾಗಿದ್ದಾಗ ಮೇಘಶ್ರೀ ಅದನ್ನು ನಂಬಿದ್ದಳು. ಫ್ಯಾಕ್ಟರಿಯಲ್ಲಿ ಟೈಮ್ ನಿಧಾನ, ಮನೆಯಲ್ಲಿ ಬೇಗ, ಪಾಪ ಅಪ್ಪಾಜಿ ಅಂತ.

ಜೂನ್ ತಿಂಗಳಲ್ಲಿ ಅವರಿಗೆ ಮೊದಲ ಸಲ ಮನೆಯ ಸೋಮವಾರದ ದರ್ಶನವಾಯಿತು. ಆಮೇಲೆ ಮಂಗಳವಾರ. ಭಾನುವಾರ ಓಡುತ್ತಿದ್ದ ಅದೇ ಮನೆ, ಅದೇ ಗೋಡೆ, ಬುಧವಾರದ ಹೊತ್ತಿಗೆ ಮಂಡಿ ಹಿಡಿದ ಎತ್ತಿನ ಹಾಗೆ ನಿಂತುಬಿಟ್ಟಿತು. ಹತ್ತೂವರೆ ಅನ್ನುವುದು ಇಷ್ಟು ದೊಡ್ಡದಾಗಿ ಇರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪೇಪರನ್ನು ಎರಡು ಸಲ ಓದಿದರೂ ಹನ್ನೊಂದಾಗದು.

ಅದೇ ಹತ್ತೂವರೆಯಲ್ಲಿ ಕಮಲಾದೇವಿ ಮೂವತ್ತೊಂದು ವರ್ಷ ಸುಖವಾಗಿ ಇದ್ದಳು. ಗಂಡ, ಮಗಳು ಬಾಗಿಲು ದಾಟಿದ ಮೇಲೆ ಆ ಮನೆಯ ಹೊತ್ತು ಅವಳದ್ದು. ಗಡಿಯಾರ ಹಾಲಿನಲ್ಲಿ ಇತ್ತು, ನಿಜ. ಆದರೆ ಅವಳ ಗಡಿಯಾರ ಒಲೆಯ ಮೇಲಿನ ಹಾಲಿನಲ್ಲಿತ್ತು. ಹಾಲು ಉಕ್ಕಿದರೆ ಒಂದು ಹೊತ್ತು, ಬಿಸಿಲು ಹೊಸ್ತಿಲು ದಾಟಿದರೆ ಅಕ್ಕಿ ಇಡುವ ಹೊತ್ತು, ಸೊಪ್ಪಿನವನ ಕೂಗು ತಿರುವಿನಲ್ಲಿ ಕೇಳಿದರೆ ಎರಡನೇ ಕಾಫಿಯ ಹೊತ್ತು. ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತ ಎದುರು ಮನೆಯವರ ಜೊತೆ ಮಾತಾಡುವಳು. ಮಾತು ಮುಗಿದಾಗ ಕಾಯಿ ಮುಗಿಯುತ್ತಿತ್ತೋ, ಕಾಯಿ ಮುಗಿದಾಗ ಮಾತು ಮುಗಿಯುತ್ತಿತ್ತೋ, ನೋಡಿದವರಿಲ್ಲ.

ಈಗ ನೋಡುವವರು ಬಂದರು.

ಮೊದಲು ಸುಮ್ಮನೆ ನೋಡಿದರು. ಆಮೇಲೆ ಕುರ್ಚಿ ಅಡುಗೆಮನೆಯ ಬಾಗಿಲಿಗೆ ಬಂತು. "ಜೀರಿಗೆ ಡಬ್ಬಿಗೆ ನಾಲ್ಕು ಹೆಜ್ಜೆ ಹೋಗ್ತೀಯಲ್ಲ ಕಮಲಾ, ಯಾಕೆ?" ಎಂದು ಜೀರಿಗೆಯನ್ನು ಒಲೆಯ ಪಕ್ಕಕ್ಕೆ ತಂದರು, ಒಲೆಯ ಪಕ್ಕದ ಉಪ್ಪನ್ನು ಮೇಲಿನ ಶೆಲ್ಫಿಗೆ ಸಾಗಿಸಿದರು. ಹನ್ನೊಂದು ಸೆಕೆಂಡು ಉಳಿಯಿತು. ಕಣ್ಣು ಮುಚ್ಚಿಕೊಂಡು ಒಗ್ಗರಣೆ ಹಾಕುತ್ತಿದ್ದವಳು ಸ್ವಂತ ಅಡುಗೆಮನೆಯಲ್ಲಿ ಡಬ್ಬಿ ತಡಕಾಡುವಂತಾಯಿತು. ಆ ಮನೆಯಲ್ಲಿ ಅಡುಗೆಮನೆಯ ಹೊಸ್ತಿಲು ಅವಳ ಗಡಿ. ಗಡಿಯಾರ ಬಂದು, ಗಡಿ ಯಾರದು ಎಂದು ಕೇಳಿತು.

"ರೀ, ನೀವು ಟಿ.ವಿ. ನೋಡಬಾರ್ದಾ?" ಅಂದಳು ಒಂದು ದಿನ.

"ಟಿ.ವಿ.ಲಿ ಏನಿದೆ? ಅರ್ಧ ಗಂಟೆ ಸೀರಿಯಲ್‌ನಲ್ಲಿ ಕಥೆ ಇರೋದು ಮೂರು ನಿಮಿಷ. ಉಳಿದಿದ್ದೆಲ್ಲ ವೇಸ್ಟೇಜು."

ಜುಲೈ ಮೊದಲ ವಾರದಲ್ಲಿ ಫ್ಯಾಕ್ಟರಿಯಿಂದ ತಂದಿದ್ದ ಉದ್ದನೆಯ ನೋಟ್‌ಬುಕ್ಕು ಬೀರುವಿನಿಂದ ಹೊರಗೆ ಬಂತು. ಸ್ಕೇಲಿಟ್ಟು ಗೆರೆ ಎಳೆದರು. ಕೆಲಸ, ಶುರು, ಮುಗಿತ, ಷರಾ. ಕಸ ಗುಡಿಸೋದು, ಚಪಾತಿ ಲಟ್ಟಿಸೋದು, ಬಕೆಟ್ಟಿನಲ್ಲಿ ಒದ್ದೆ ಬಟ್ಟೆ ಹೊತ್ತು ಟೆರೇಸಿಗೆ ಹದಿನೆಂಟು ಮೆಟ್ಟಿಲು ಹತ್ತೋದು. ಇದರಿಂದ ಅವರ ಬೆಳಗು ತುಂಬಿತು. ಟೈಮ್ ಹೋಗೋದು ಗೊತ್ತಾಗದಂತಾಯಿತು. ಕಮಲಾದೇವಿ ಬೈಯಲಿಲ್ಲ. ಹೇಗೂ ಒಂದು ಮೂಲೆಯಲ್ಲಿ ಕೂತು ಬರೆದುಕೊಂಡಿರಲಿ, ಜೀರಿಗೆ ತಂಟೆಗೆ ಬರದಿದ್ದರೆ ಸಾಕು ಅನ್ನಿಸಿತ್ತು.

ಮೇಘಶ್ರೀಯದು ಬೇರೆ ಥರದ ಬಡತನ. ಅಪ್ಪನ ಹತ್ತಿರ ಕೊಳೆಯುತ್ತಿದ್ದ ಟೈಮು ಅವಳ ಹತ್ತಿರ ಚಿಟಿಕೆಯಷ್ಟೂ ಇರಲಿಲ್ಲ. ಬಿಳೇಕಹಳ್ಳಿಯ ಒಂದು ಆಫೀಸಿನಲ್ಲಿ ಆರೋಗ್ಯ ವಿಮೆಯ ಕ್ಲೇಮುಗಳನ್ನು ನೋಡುವ ಕೆಲಸ. ದಿನಕ್ಕೆ ಐವತ್ತು ಫೈಲು. ಪ್ರತಿ ಫೈಲಿನಲ್ಲೂ ಅವಳು ಮೊದಲು ಹುಡುಕುವ ಸಾಲು, 'ಕಾಯಿಲೆ ಶುರುವಾಗಿ ಎಷ್ಟು ದಿನ?' ಅನ್ನುವುದು. ಅವಳ ಎಲ್ಲ ಮಾತೂ "ಐದು ನಿಮಿಷ" ಎಂದು ಶುರುವಾಗಿ "ಆಮೇಲೆ ಮಾಡ್ತೀನಿ" ಎಂದು ಮುಗಿಯುತ್ತಿತ್ತು.

ಜುಲೈ ಹತ್ತನೇ ತಾರೀಕು ಮಧ್ಯಾಹ್ನ ಅಮ್ಮನ ಫೋನು ಬಂತು.

"ಬಿಜಿ ಇದ್ದೀಯೇನೇ ಮೇಘಾ?"

"ಹೇಳಮ್ಮ, ಐದು ನಿಮಿಷ ಇದೆ."

"ಏನಿಲ್ಲ. ಬಟ್ಟೆ ಹಾಕಕ್ಕೆ ಮೇಲೆ ಹೋದ್ರೆ ಎದೆ ಮೇಲೆ ಯಾರೋ ಕೂತಂಗಾಗುತ್ತೆ. ಕೂತ್ಕೊಂಡ್ರೆ ಸರಿ ಹೋಗುತ್ತೆ."

"ಗ್ಯಾಸ್ಟ್ರಿಕ್ ಇರ್ಬೇಕಮ್ಮ. ಟೈಮಿಗೆ ಸರಿಯಾಗಿ ಊಟ ಮಾಡು."

"ಟೈಮಿಗೆ ಮಾಡ್ದೆ ಇರೋಕಾಗುತ್ತಾ? ನಿಮ್ಮಪ್ಪ ಇದಾರಲ್ಲ."

ಇಬ್ಬರೂ ನಕ್ಕರು. ಅಮ್ಮ ನಗುವಿನ ಮಧ್ಯೆ ಉಸಿರು ತಗೊಳ್ಳಲು ನಿಂತದ್ದು ಮೇಘಶ್ರೀಗೆ ಕೇಳಿಸಿತು. ಆದರೂ ಅವಳ ಕಣ್ಣು ಸ್ಕ್ರೀನಿನ ಮೇಲಿದ್ದ ಫೈಲಿನಲ್ಲೇ ಇತ್ತು. "ಈ ಶನಿವಾರ ಬಂದು ಡಾಕ್ಟರ್ ಹತ್ರ ಕರ್ಕೊಂಡ್ ಹೋಗ್ತೀನಿ" ಅಂದಳು.

ಆ ಶನಿವಾರ ಆಫೀಸಿನಲ್ಲಿ ಆಡಿಟ್. ಅದರ ಮುಂದಿನದು ಚಿದಾನಂದನ ಸ್ನೇಹಿತನ ಗೃಹಪ್ರವೇಶ, ಕನಕಪುರ ರಸ್ತೆಯ ಆಚೆ ಎಲ್ಲೋ. ಒಂದು ಶನಿವಾರ ಹೊರಟೇಬಿಟ್ಟಿದ್ದಳು. ಸಾರಕ್ಕಿ ಸಿಗ್ನಲ್ಲಿನ ಹತ್ತಿರ ಮಳೆ ನೀರು ನಿಂತು, ಅರ್ಧ ಗಂಟೆ ನಿಂತಲ್ಲೇ ನಿಂತು, ಕ್ಲಿನಿಕ್ಕು ಮುಚ್ಚುವ ಹೊತ್ತಾಯಿತೆಂದು ವಾಪಸ್ ತಿರುಗಿದಳು. ಮತ್ತೊಂದು ಶನಿವಾರ ಯಾಕೆ ಹೋಗಲಿಲ್ಲ ಅನ್ನೋದು ಈಗ ಅವಳಿಗೆ ನೆನಪಿಲ್ಲ. ನೆನಪು ಮಾಡಿಕೊಳ್ಳಲು ಹೋದರೆ ತಲೆಯಲ್ಲಿ ಬರುವುದು, ಅವತ್ತು ಅವಳು ಹನ್ನೊಂದು ಗಂಟೆಯವರೆಗೂ ಮಲಗಿದ್ದಳು ಅನ್ನುವುದು. ಏಳು ಶನಿವಾರ ಹೀಗೆ ಹೋದವು. ಪ್ರತಿ ಸಲವೂ ಅಮ್ಮ, "ಇರ್ಲಿ ಬಿಡು, ಅರ್ಜೆಂಟೇನಿಲ್ಲ" ಎನ್ನುತ್ತಿದ್ದಳು. ಅರ್ಜೆಂಟು ಅನ್ನುವ ಪದವನ್ನು ಅಮ್ಮ ಯಾವತ್ತೂ 'ಇಲ್ಲ' ಸೇರಿಸದೆ ಬಳಸಿದವಳಲ್ಲ.

ಗಣೇಶನ ಹಬ್ಬಕ್ಕೆ ಮೂರು ದಿನ ಮುಂಚೆ, ಒಂದು ಭಾನುವಾರ, ಮೇಘಶ್ರೀ ಹೋದಳು. ಗೇಟು ತೆಗೆದಾಗ ಅಮ್ಮ ಹೊರಗಿನ ಮೆಟ್ಟಿಲು ಹತ್ತುತ್ತಿದ್ದಳು. ಸೊಂಟದ ಮೇಲೆ ಬಕೆಟ್ಟು. ಐದು ಮೆಟ್ಟಿಲು ಹತ್ತಿ ನಿಂತಳು. ಬಕೆಟ್ಟು ಕೆಳಗಿಟ್ಟು ಗೋಡೆಗೆ ಕೈ ಕೊಟ್ಟಳು. ಬಾಯಿ ತೆರೆದಿತ್ತು. ಅಮ್ಮನಿಗೆ ಐವತ್ತಾರು. ಆ ಕ್ಷಣಕ್ಕೆ ಎಪ್ಪತ್ತರವಳ ಹಾಗೆ ಕಂಡಳು. ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು.

ಮೇಘಶ್ರೀ ಓಡಿಹೋಗಿ ಬಕೆಟ್ಟು ಕಸಿದುಕೊಂಡು ಬಟ್ಟೆ ಹಾಕಿ ಬಂದಳು. ಕೆಳಗಿಳಿದವಳೇ ಕೇಳಿದಳು.

"ಅಪ್ಪಾಜಿ, ಅಮ್ಮನಿಗೆ ಮೆಟ್ಟಿಲು ಹತ್ತಕ್ಕಾಗ್ತಿಲ್ಲ. ಕಾಣ್ತಿಲ್ವಾ?"

"ಕಾಣ್ದೆ ಏನು. ಐವತ್ತು ದಿನದಿಂದ ಬರೀತಿದೀನಿ."

"ಮತ್ತೆ ಡಾಕ್ಟರ್ ಹತ್ರ ಯಾಕೆ ಹೋಗಿಲ್ಲ?"

ಸಿದ್ದಲಿಂಗಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಹೊಸದಾಗಿ ಸೇರಿದ ಸೂಪರ್‌ವೈಸರಿಗೆ ಕೆಲಸದ ಗುಟ್ಟು ಹೇಳಿಕೊಡುವವರ ಹಾಗೆ ದನಿ ತಗ್ಗಿಸಿದರು. "ನೋಡು ಮೇಘಾ, ನಾಲ್ಕನೇ ಲೈನಲ್ಲಿ ಗೋವಿಂದಮ್ಮ ಅಂತ ಇದ್ಲು. ಗಂಟೆಗೆ ಎಂಬತ್ತೆಂಟು ಕಾಲರ್ ಹಾಕೋಳು. ನಾನು ವಾಚ್ ಹಿಡ್ಕೊಂಡು ಹಿಂದೆ ನಿಂತ್ರೆ ಸಾಕು, ಅರವತ್ತಕ್ಕೆ ಇಳೀತಿತ್ತು. ದಾರ ಕಿತ್ತೋಯ್ತು ಅನ್ನೋಳು, ಕೈ ಸೆಳೀತಿದೆ ಅನ್ನೋಳು. ಯಾಕೆ? ನಾನು ಕಮ್ಮಿ ಬರ್ಕೊಂಡ್ರೆ ಟಾರ್ಗೆಟ್ ಕಮ್ಮಿ ಆಗುತ್ತಲ್ಲ, ಅದಕ್ಕೆ. ಎಲ್ಲ ಹೆಂಗಸ್ರೂ ಅಷ್ಟೇ. ನೋಡ್ತಿದಾರೆ ಅಂತ ಗೊತ್ತಾದ್ರೆ ನಿಧಾನ ಮಾಡ್ತಾರೆ. ಇದು ನಮ್ಮ ಲೈನಲ್ಲಿ ಮೊದಲನೇ ಪಾಠ."

"ಅಮ್ಮ ಯಾವ ಲೈನಲ್ಲಿದಾಳೆ ಅಪ್ಪಾಜಿ?"

"ತಮಾಷೆ ಬೇಡ. ನಾನೇನು ಸುಮ್ನೆ ಹೇಳ್ತಿಲ್ಲ, ಚೆಕ್ ಮಾಡಿದೀನಿ. ಫ್ಯಾಕ್ಟ್ರೀಲಿ ಅನುಮಾನ ಬಂದ್ರೆ ಕಂಬದ ಹಿಂದೆ ನಿಂತು ಟೈಮ್ ತಗೋತಿದ್ವಿ. ಅದೇ ಥರ ಎದುರು ಮನೆ ಬೈರಣ್ಣನ ಕಾಂಪೌಂಡಲ್ಲಿ ನಿಂತು ಮೂರು ದಿನ ನೋಡ್ದೆ."

"ಆಗ?"

"ಆಗ್ಲೂ ಅಷ್ಟೇ ಟೈಮು."

"ಅಂದ್ರೆ ಅದು ನಾಟಕ ಅಲ್ಲ ಅಂತಾಯ್ತಲ್ಲ."

"ಅಂದ್ರೆ ನಾನಲ್ಲಿ ನಿಂತಿರೋದು ಅವಳಿಗೆ ಗೊತ್ತಾಗಿದೆ ಅಂತಾಯ್ತು" ಅಂದರು ಸಿದ್ದಲಿಂಗಯ್ಯ. "ಗೋವಿಂದಮ್ಮನಿಗಿಂತ ಜಾಣೆ ನಿಮ್ಮಮ್ಮ."

ಒಳಗಿನಿಂದ ಕಮಲಾದೇವಿ ಕಾಫಿ ಲೋಟ ಹಿಡಿದು ನಿಧಾನವಾಗಿ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಮೂವತ್ತಾರು ವರ್ಷಕ್ಕೆ ಒಂದ್ಸಲ ಹೊಗಳಿದ್ರಪ್ಪ" ಅಂದಳು. ಮಗಳ ಕಡೆ ತಿರುಗಿ, "ಜಗಳ ಬೇಡ ಕಣೇ. ಬೈರಣ್ಣನ ಕಾಂಪೌಂಡಲ್ಲಿ ನಿಂತಿದ್ದು ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಓಡಿ ಹತ್ತಿರೋಳು, ಮರ್ಯಾದೆ ಉಳೀಲಿ ಅಂತ" ಅಂದಳು.

"ಅಮ್ಮ, ನಾಳೆನೇ ಹೋಗೋಣ."

"ನಾಳೆ ನಿಂಗೆ ಆಫೀಸು. ನಾಡಿದ್ದು ಗೌರಿ, ಆಮೇಲೆ ಗಣೇಶ. ಮೋದಕ ಯಾರು ಮಾಡ್ತಾರೆ? ಹಬ್ಬ ಮುಗೀಲಿ."

ಆಗ ಮೇಘಶ್ರೀ ಮಾಡಬೇಕಾಗಿದ್ದದ್ದು ಒಂದೇ. ಅಮ್ಮನ ಕೈ ಹಿಡಿದು, ಚಪ್ಪಲಿ ಮೆಟ್ಟಿಸಿ, ಕರೆದುಕೊಂಡು ಹೋಗುವುದು. ಅವಳು ಫೋನು ತೆಗೆದಳು. ಆ್ಯಪಿನಲ್ಲಿ ಹಬ್ಬದ ನಂತರದ ದಿನಗಳೆಲ್ಲ ತುಂಬಿದ್ದವು. ಸೆಪ್ಟೆಂಬರ್ ಆರು, ಶನಿವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು ಎಂದು ಬುಕ್ ಮಾಡಿದಳು. ಬುಕ್ ಆದ ತಕ್ಷಣ ಮನಸ್ಸು ಹಗುರವಾಯಿತು. ಅರ್ಧ ಕೆಲಸ ಆಗಿಹೋದಂತೆಯೇ ಅನ್ನಿಸಿತು. ಊರಿನ ಅರ್ಧ ಕೆಲಸಗಳು ಆಗುವುದು ಹೀಗೇ.

ಸೆಪ್ಟೆಂಬರ್ ಮೂರು, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಅಪ್ಪ ಆಫೀಸಿನ ಹೊತ್ತಿನಲ್ಲಿ ಫೋನ್ ಮಾಡುವವರೇ ಅಲ್ಲ. ಬೇರೆಯವರ ಡ್ಯೂಟಿ ಟೈಮಿಗೆ ಅವರು ಅಷ್ಟು ಮರ್ಯಾದೆ ಕೊಡುತ್ತಿದ್ದರು.

"ಮೇಘಾ, ನಿಮ್ಮಮ್ಮ ಮೆಟ್ಟಿಲ ಮೇಲೆ ಕೂತಿದಾಳೆ. ಏಳ್ತಿಲ್ಲ."

"ಎಷ್ಟೊತ್ತಾಯ್ತು ಅಪ್ಪಾಜಿ?"

ಫೋನು ಕೈ ಬದಲಾಯಿಸಿತು. ಎದುರು ಮನೆಯ ಬೈರಣ್ಣ. ಆ ಬಡಾವಣೆ ರಾಗಿ ಹೊಲವಾಗಿದ್ದಾಗಿನಿಂದ ಅಲ್ಲೇ ಇರುವವರು. "ಕೂಸೇ, ನಿಮ್ಮಮ್ಮನ್ನ ಕಾರಲ್ಲಿ ಮಲಗ್ಸಿದೀನಿ. ಜಯನಗರದ ಆಸ್ಪತ್ರೆಗೆ ಹೊರಟೆ. ನೀನು ಅಲ್ಲಿಗೇ ಬಂದ್ಬುಡವ್ವ" ಅಂದರು. ಹಿಂದಿನಿಂದ ಹಾರ್ನಿನ ಸದ್ದು.

ಬಿಳೇಕಹಳ್ಳಿಯಿಂದ ಜಯನಗರಕ್ಕೆ ಆಟೋ ಹಿಡಿದಳು. ಮ್ಯಾಪಿನಲ್ಲಿ ಹದಿನೆಂಟು ನಿಮಿಷ ಅಂತಿತ್ತು. ಬನ್ನೇರುಘಟ್ಟ ರಸ್ತೆಗೆ ಬಂದ ಮೇಲೂ ಹದಿನೆಂಟು. ಆಟೋದ ಎದುರಿಗೆ ಒಂದು ಜಲ್ಲಿ ಲಾರಿ, ಲಾರಿಯ ಎದುರಿಗೆ ಏನಿದೆಯೋ ಕಾಣದು. ಕಾಲು ಗಂಟೆ ಕಳೆದ ಮೇಲೆ ನೋಡಿದರೆ ಇನ್ನೂ ಹದಿನೆಂಟೇ. ಆಟೋದವನು ಕನ್ನಡಿಯಲ್ಲಿ ಅವಳ ಮುಖ ನೋಡಿ, "ಏನಾರ ಅರ್ಜೆಂಟಾ ಮೇಡಂ?" ಎಂದ.

"ಹೌದಣ್ಣ" ಅಂದಳು.

ಅವನು ಲಾರಿಯ ಕಡೆ ಕೈ ತೋರಿಸಿದ. ಇಬ್ಬರೂ ಲಾರಿಯನ್ನು ನೋಡಿದರು. ದಿನಕ್ಕೆ ಐವತ್ತು ಫೈಲು ಮುಗಿಸುವವಳು ಒಂದು ಲಾರಿಯ ಹಿಂದೆ ಕೂತು, ಏಳು ಶನಿವಾರಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಒಂದೇ ಸಾಕಾಗಿತ್ತು ಅನ್ನಿಸಿತು. ಯಾವುದಾದರೂ ಒಂದು.

ಅವಳು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಮ್ಮನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಹೊರಗೆ ಬೈರಣ್ಣ ನಿಂತಿದ್ದರು. ಪಕ್ಕದ ಬೆಂಚಿನಲ್ಲಿ ಅಪ್ಪ. ಅಂಗಿಯ ಗುಂಡಿ ಹೆಚ್ಚು ಕಡಿಮೆಯಾಗಿತ್ತು, ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು, ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ಕಂಕುಳಲ್ಲಿ ನೋಟ್‌ಬುಕ್ಕು. ಹೊರಡುವ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಬಂದಿದ್ದರು. ಮೇಘಶ್ರೀ ಅವರ ಪಕ್ಕ ಕೂರಲಿಲ್ಲ. ಎದುರಿನ ಬೆಂಚಿನಲ್ಲಿ ಕೂತಳು.

ಆಸ್ಪತ್ರೆಯ ಬೆಂಚು ಮನೆಯೂ ಅಲ್ಲ, ಊರೂ ಅಲ್ಲ. ಅಲ್ಲಿ ಹೊತ್ತು ಓಡುವುದೂ ಇಲ್ಲ, ಕುಂಟುವುದೂ ಇಲ್ಲ. ಬಾಗಿಲು ತೆರೆದಾಗ ಒಂದು ಹೆಜ್ಜೆ ಮುಂದೆ ಬಂದು, ಮುಚ್ಚಿದಾಗ ಮತ್ತೆ ಹಿಂದಕ್ಕೆ ಹೋಗುತ್ತದೆ. ಒಂದು ಗಂಟೆಗೆ ಬೈರಣ್ಣ ಇಬ್ಬರಿಗೂ ಇಡ್ಲಿ ತಂದುಕೊಟ್ಟರು. ಇಬ್ಬರೂ ಮುಟ್ಟಲಿಲ್ಲ. ಬೈರಣ್ಣ ತಾವೇ ನಾಲ್ಕೂ ತಿಂದು, "ದಂಡ ಮಾಡಬಾರ್ದು" ಅಂದರು.

ನಾಲ್ಕು ಗಂಟೆಗೆ ಡಾಕ್ಟರು ಒಳಗೆ ಕರೆದರು. ಚಿಕ್ಕ ವಯಸ್ಸಿನ ಹೆಂಗಸು, ಮೇಜಿನ ಮೇಲೆ ಅರ್ಪಿತ ಎಂದು ಹೆಸರಿನ ಹಲಗೆ. ಜೀವಕ್ಕೆ ಸದ್ಯಕ್ಕೆ ಅಪಾಯವಿಲ್ಲ ಅಂದರು. ಎರಡು ರಕ್ತನಾಳ ಮುಚ್ಚಿಕೊಂಡಿದ್ದವು, ಒಂದಕ್ಕೆ ಸ್ಟೆಂಟ್ ಹಾಕಿ ತೆರೆದಿದ್ದಾರೆ, ಇನ್ನೊಂದಕ್ಕೆ ಆಮೇಲೆ ನೋಡಬೇಕು. ಆದರೆ ಹೃದಯದ ಒಂದು ಭಾಗ ಸೋತಿದೆ. ಅದು ಮೊದಲಿನಂತಾಗುವುದಿಲ್ಲ. ಇನ್ನು ಮೆಟ್ಟಿಲು, ಬಕೆಟ್ಟು, ಭಾರ ಯಾವುದೂ ಆಗುವುದಿಲ್ಲ. ಒಂದು ತಿಂಗಳು ಮುಂಚೆ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ.

ಅಷ್ಟು ಹೇಳಿ ಪೆನ್ನು ತೆಗೆದುಕೊಂಡು ಕೇಳಿದರು. "ತೊಂದರೆ ಶುರುವಾಗಿ ಎಷ್ಟು ದಿನ ಆಯ್ತು?"

ದಿನಕ್ಕೆ ಐವತ್ತು ಸಲ ಈ ಸಾಲನ್ನು ಓದುವ ಮೇಘಶ್ರೀ, "ಸುಮಾರು" ಎಂದು ಶುರು ಮಾಡಿದಳು.

"ಜುಲೈ ಒಂಬತ್ತು" ಅಂದರು ಸಿದ್ದಲಿಂಗಯ್ಯ. ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟರು.

ಡಾಕ್ಟರು ಪುಟ ತಿರುಗಿಸಿದರು. ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ, ಆಮೇಲೆ ಬಾಯಲ್ಲಿ ಓದಿಕೊಳ್ಳುತ್ತ. ಜುಲೈ ಒಂಬತ್ತು, ಮೆಟ್ಟಿಲು ಹದಿನೆಂಟು, ಬಕೆಟ್ ಸಮೇತ, ನಲವತ್ತು ಸೆಕೆಂಡು, ಹಿಂದಿನ ದಿನಕ್ಕಿಂತ ಒಂಬತ್ತು ಜಾಸ್ತಿ. ಜುಲೈ ಇಪ್ಪತ್ತು, ಹತ್ತನೇ ಮೆಟ್ಟಿಲಲ್ಲಿ ನಿಂತಳು. ಆಗಸ್ಟ್ ಮೂರು, ಎರಡು ಸಲ ನಿಂತಳು, ಒಂದು ನಿಮಿಷ ಎರಡು ಸೆಕೆಂಡು, ಎಡಗೈ ಉಜ್ಜಿಕೊಂಡಳು. ಆಗಸ್ಟ್ ಹದಿನೇಳು, ಚಪಾತಿ ಲಟ್ಟಿಸುವಾಗ ಕೂತಳು. ಕೊನೆಯ ಪುಟ ಆ ಬೆಳಗಿನದು. ಏಳನೇ ಮೆಟ್ಟಿಲು, ಕೂತಳು, ನಾಲ್ಕು ನಿಮಿಷ ಹತ್ತು ಸೆಕೆಂಡು. ಅಲ್ಲಿಗೆ ಅಕ್ಷರ ಕೆಳಕ್ಕೆ ಜಾರಿ ನಿಂತಿತ್ತು.

ನಾಲ್ಕು ನಿಮಿಷ ಹತ್ತು ಸೆಕೆಂಡು ಅಪ್ಪ ಕೆಳಗೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು ಎಂದು ಮೇಘಶ್ರೀಗೆ ಅರ್ಥವಾಯಿತು. ಅವಳು ಗೋಡೆಯ ಕಡೆ ನೋಡಿದಳು.

"ಅಂಕಲ್, ಹನ್ನೆರಡು ವರ್ಷದ ಪ್ರಾಕ್ಟೀಸಲ್ಲಿ ನಾನು ಇಂಥದ್ದು ನೋಡಿಲ್ಲ" ಅಂದರು ಡಾಕ್ಟರು. "ಜನ ಹೋದ ವಾರ ಏನಾಯ್ತು ಅಂತ ಕೇಳಿದ್ರೆ ಹೇಳಲ್ಲ. ನೀವು ದಿನಾ, ಸೆಕೆಂಡಿನ ಲೆಕ್ಕದಲ್ಲಿ ಬರೆದಿದ್ದೀರ. ಕಾಯಿಲೆ ಹೆಂಗೆ ಬೆಳೀತು ಅಂತ ಕಣ್ಣಿಗೆ ಕಟ್ಟೋ ಹಂಗಿದೆ."

ಸಿದ್ದಲಿಂಗಯ್ಯನವರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಮೂವತ್ತೊಂದು ವರ್ಷದಲ್ಲಿ ಅವರ ಕಾಲಮ್ಮುಗಳನ್ನು ಇಷ್ಟು ಹೊತ್ತು ಯಾರೂ ಓದಿರಲಿಲ್ಲ.

ಡಾಕ್ಟರು ಮತ್ತೆ ಹಿಂದಿನ ಪುಟಗಳಿಗೆ ಹೋದರು. ಒಂದು ಕಡೆ ಬೆರಳಿಟ್ಟು, ಮುಂದಿನದು, ಅದರ ಮುಂದಿನದು ನೋಡಿದರು. ಹುಬ್ಬು ಗಂಟಾಯಿತು.

"ಪ್ರತಿ ಶನಿವಾರದ ಪುಟದ ಕೆಳಗೂ ಒಂದೊಂದು ಸಹಿ ಇದೆಯಲ್ಲ. ಓದೋಕೆ ಆಗ್ತಿಲ್ಲ, ಡಾಕ್ಟರದ್ದೇ ಇರ್ಬೇಕು. ಹಾಗಾದ್ರೆ ಇದನ್ನೆಲ್ಲ ಯಾರಿಗೋ ತೋರಿಸಿದೀರ. ಅವ್ರು ನೋಡಿಯೂ ನಮ್ಮಲ್ಲಿಗೆ ಕಳಿಸಿಲ್ಲ. ಯಾರು ಅಂಕಲ್ ಆ ಡಾಕ್ಟರು?"

"ಡಾಕ್ಟರದ್ದಲ್ಲ ಮೇಡಂ" ಅಂದರು ಸಿದ್ದಲಿಂಗಯ್ಯ. "ಅವಳದ್ದೇ. ಟಾರ್ಗೆಟ್ ಮುಟ್ಟದೆ ಇದ್ದೋರ ಹತ್ರ ವಾರಕ್ಕೊಂದ್ಸಲ ಸಹಿ ಹಾಕಿಸ್ಕೋಬೇಕು."